ಮರದ ಕಯಾಕ್: ವಾರ್ನಿಷ್ ಕೆಳಗೆ ಕಪ್ಪು ಕಲೆ, ತೇವ ಬಂದದ್ದೆಲ್ಲಿಂದ?

ಹಿನ್ನೀರಿಗ, ಪಾಂಡವಪುರ

ಎರಡು ವರ್ಷದ ಹಿಂದೆ 4 ಮಿ.ಮೀ. ಮರೈನ್ ಪ್ಲೈವುಡ್ ಹಲಗೆಗಳನ್ನು ತಂತಿಯಲ್ಲಿ ಹೊಲಿದು, ಎಪಾಕ್ಸಿಯಲ್ಲಿ (ಬೆರೆಸಿದ ಮೇಲೆ ಕಲ್ಲಿನಂತೆ ಗಟ್ಟಿಯಾಗುವ ಅಂಟು) ಬೆಸೆದು ನಾನೇ ಕಟ್ಟಿದ ಕಯಾಕನ್ನು (ಹುಟ್ಟು ಹಾಕಿ ನಡೆಸುವ ಕಿರುದೋಣಿ) ಕನ್ನಂಬಾಡಿಯ ಹಿನ್ನೀರಿನಲ್ಲಿ ಬಳಸುತ್ತಿದ್ದೇನೆ. ಹೊರಮೈಗೆ ಗ್ಲಾಸ್ ಬಟ್ಟೆಯನ್ನೂ ಅದರ ಮೇಲೆ ವಾರ್ನಿಷನ್ನೂ ಕೊಟ್ಟಿದ್ದೆ. ಈ ಮಳೆಗಾಲ ಕಳೆದು ಹೊದಿಕೆ ತೆಗೆದಾಗ, ಪಾದ ಊರುವ ಪಟ್ಟಿಯ ಸ್ಕ್ರೂ ಸುತ್ತ ಅಂಗೈಯಗಲದ ಕಪ್ಪು ಕಲೆ ಕಾಣಿಸಿತು. ಹಿಂದಿನ ಅರೆಯ ಮುಚ್ಚಳ ತೆರೆದರೆ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಮರ ಮಾತ್ರ ಉಗುರು ಇಳಿಯದಷ್ಟು ಗಟ್ಟಿಯಾಗಿಯೇ ಇದೆ. ಇನ್ನೊಂದು ಕೈ ಎಪಾಕ್ಸಿ ಬಳಿದರೆ ಸಾಕಾಗುತ್ತದೆಯೇ?

ಉಳಿಬಾಚಿ, ಮೈಸೂರು

ಈಗಲೇ ಬಳಿದರೆ ಒಳಗಿನ ತೇವವನ್ನು ನೀವೇ ಬೀಗ ಹಾಕಿ ಕೂಡಿಟ್ಟಂತಾಗುತ್ತದೆ. ನೀರು ಸೇರಲು ಸೂಜಿಮೊನೆಯಷ್ಟು ಸಂದು ಸಾಕು, ಆದರೆ ಎರಡೂ ಬದಿಗೆ ಎಪಾಕ್ಸಿ ಹಿಡಿದ ಹಲಗೆಯಿಂದ ಅದು ಆರಿಹೋಗಲು ಹೆಚ್ಚುಕಡಿಮೆ ಅದೊಂದೇ ದಾರಿ. ನನ್ನ ಅನುಮಾನ ಸ್ಕ್ರೂ ರಂಧ್ರದ ಮೇಲೆಯೇ. ಕೊರೆದ ಕಡೆ ಪ್ಲೈವುಡ್‌ನ ಎಳೆಗಳ ತುದಿ ಬಯಲಾಗುತ್ತದೆ, ಮರವು ಮೈಯಿಂದ ಕುಡಿಯುವುದಕ್ಕಿಂತ ಎಷ್ಟೋ ಬೇಗ ಈ ತುದಿಯಿಂದ ನೀರು ಕುಡಿಯುತ್ತದೆ.

ಸ್ಕ್ರೂ ಬಿಚ್ಚಿ, ಕಲೆಯ ಮೇಲಿನ ಲೇಪವನ್ನು ಬರಿಮರ ಕಾಣುವವರೆಗೆ ಉಜ್ಜಿ, ನೆರಳಿನಲ್ಲಿ ಫ್ಯಾನ್ ಹಾಕಿ ವಾರಗಟ್ಟಲೆ ಒಣಗಲು ಬಿಡಿ. ತೇವಮಾಪಕ ಇಟ್ಟಾಗ ಇಲ್ಲಿನ ಅಂಕಿ ಕಲೆಯಿಲ್ಲದ ಜಾಗದ ಅಂಕಿಗೆ ಸಮನಾಗಬೇಕು, ಶೇ. 12ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, ಶೇ. 20 ದಾಟಿದ್ದರೆ ಮರ ಕೊಳೆಸುವ ಬೂಷ್ಟಿಗೆ ಹಬ್ಬ. ಆಮೇಲೆ ರಂಧ್ರವನ್ನು ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು, ಪುಡಿ ಬೆರೆಸಿ ಮಂದಮಾಡಿದ ಎಪಾಕ್ಸಿಯನ್ನು ತುಂಬಿ, ಅದು ಕಲ್ಲಾದ ಮೇಲೆ ಅದರ ನಡುವೆಯೇ ಸ್ಕ್ರೂವಿಗೆ ತೂತು ಹಾಕಿ. ಹಾಗಾದರೆ ಸ್ಕ್ರೂವಿಗೆ ಮರ ಸೋಕುವುದೇ ಇಲ್ಲ.

ಹೊಳೆದಂಡೆ, ಶ್ರೀರಂಗಪಟ್ಟಣ

ಮುಗ್ಗಲು ವಾಸನೆಗೆ ಕಾರಣ ಬೇರೆ. ಬಿಸಿಲಿಗೆ ಕಾದ ಕಯಾಕ್ ನೀರಿಗಿಳಿದೊಡನೆ ಮುಚ್ಚಿದ ಅರೆಯ ಗಾಳಿ ತಣಿದು ಕುಗ್ಗುತ್ತದೆ, ಆಗ ಮುಚ್ಚಳದ ಸಂದಿನಿಂದ ನೀರನ್ನು ಒಳಗೆ ಹೀರುತ್ತದೆ. ಅರೆಯನ್ನು ಬೇರ್ಪಡಿಸುವ ಅಡ್ಡಹಲಗೆಯ ಮೇಲ್ಭಾಗದಲ್ಲಿ 1–2 ಮಿ.ಮೀ. ತೂತೊಂದಿದ್ದರೆ ಒತ್ತಡ ಸರಿಹೋಗುತ್ತದೆ. ಅದರ ಅಂಚಿಗೂ ಎಪಾಕ್ಸಿ ಹಚ್ಚುವುದನ್ನು ಮರೆಯಬೇಡಿ. ಮನೆಗೆ ತಂದ ಮೇಲೆ ಸ್ಪಂಜಿನಲ್ಲಿ ಒರೆಸಿ, ಮುಚ್ಚಳ ತೆರೆದೇ ಇಡಿ. ನಮ್ಮ ಹರಿಗೋಲಿನವರು ದಡಕ್ಕೆ ಬಂದೊಡನೆ ಹರಿಗೋಲನ್ನು ಬೋರಲು ಹಾಕುವುದನ್ನು ನೋಡಿರುತ್ತೀರಿ. ಅಂದಹಾಗೆ, ನಿಮ್ಮ ಹೊದಿಕೆ ಪ್ಲಾಸ್ಟಿಕ್ ಟಾರ್ಪಾಲೇ?

ಹಿನ್ನೀರಿಗ

ಹೌದು, ಜೂನ್‌ನಿಂದ ಬಿಗಿಯಾಗಿ ಸುತ್ತಿಟ್ಟಿದ್ದೆ. ಇಂದು ಸ್ಕ್ರೂ ಬಿಚ್ಚಿದಾಗ ಅದರ ಮರೆಯಲ್ಲಿ ತೂತಿನ ಅಂಚು ಒದ್ದೆಯಾಗಿ ಕಪ್ಪಿಟ್ಟಿತ್ತು, ಎಪಾಕ್ಸಿಯ ಸುಳಿವೂ ಇರಲಿಲ್ಲ; ಅಂದು ಅವಸರದಲ್ಲಿ ನಾನೇ ಹಾಗೆ ಬಿಟ್ಟಿದ್ದೆ. ಬೇಗ ಆರಲೆಂದು ಬಿಸಿಲಿಗಿಡಬಹುದೇ?

ಉಳಿಬಾಚಿ

ಬೇಡ. ಕೋಣೆಯ ಉಷ್ಣದಲ್ಲಿ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 50–60 ಡಿಗ್ರಿಯಲ್ಲಿ ಮೆತ್ತಗಾಗತೊಡಗುತ್ತದೆ, ಬಿಸಿಲಿನ ನೇರಳಾತೀತ ಕಿರಣಕ್ಕಂತೂ ವಾರ್ನಿಷ್ ಇಲ್ಲದೆ ತಡೆಯದು. ಹೊಸ ಎಪಾಕ್ಸಿಯನ್ನು ಇಳಿಹೊತ್ತಿನಲ್ಲಿ ಬಳಿಯಿರಿ: ಬೆಳಿಗ್ಗೆ ಬಳಿದರೆ ಮರ ಕಾಯುತ್ತಾ ಹೋದಂತೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆಯೇಳುತ್ತದೆ, ಆ ಗುಳ್ಳೆ ಒಡೆದ ಜಾಗವೇ ಮತ್ತೊಂದು ಸೂಜಿತೂತು. ಥಂಡಿಯಲ್ಲಿ ಗಟ್ಟಿಯಾದರೆ ಮೇಲೆ ಮೇಣದಂಥ ಜಿಡ್ಡು ಕೂರಬಹುದು. ಮರಳುಕಾಗದ ಹಿಡಿಯುವ ಮುನ್ನ ಅದನ್ನು ಬರಿನೀರಿನಲ್ಲಿ ತೊಳೆದುಬಿಡಿ.