ಸಹಾಯ ಬೇಕು: ರಾಸ್ಟರ್ (ಪಿಕ್ಸೆಲ್ ಚೌಕದ ನಕ್ಷೆ) ಮಾಡೂಮುಂದ ಸಣ್ಣ ಕೃಷಿ ಹೊಂಡ ಮಾಯ ಆಗಾಕತ್ತಾವ

ನಮಸ್ಕಾರ್ರೀ ಎಲ್ಲಾರಿಗೂ. ನನ್ನ ಹತ್ರ ಗದಗ ತಾಲೂಕಿನ ಕೃಷಿ ಹೊಂಡಗಳ ಶೇಪ್‌ಫೈಲ್ (ಹೊಂಡದ ಗಡಿ ಗೆರಿ ಇರೂ ನಕ್ಷೆ ಫೈಲ್) ಐತಿ. ಅದನ್ನ ಸೆಂಟಿನೆಲ್-2 ಉಪಗ್ರಹ ಚಿತ್ರದ 10 ಮೀಟರ್ ಗ್ರಿಡ್‌ಗೆ ಹೊಂದೂ ಹಂಗ ರಾಸ್ಟರ್ ಮಾಡಬೇಕು. ಪೈಥಾನ್ ಲೈಬ್ರರಿ ಜಿಯೋಪಾಂಡಾಸ್‌ನ್ಯಾಗ ಓದಿ, ಇನ್ನೊಂದು ಲೈಬ್ರರಿ ರಾಸ್ಟೆರಿಯೊದ ರಾಸ್ಟರೈಸ್ ಫಂಕ್ಷನ್‌ಗೆ ಕೊಡಾಕತ್ತೀನಿ.

'ಸಿಆರ್‌ಎಸ್ (ನಕ್ಷೆಯ ನಿರ್ದೇಶಾಂಕ ಪದ್ಧತಿ) ನೋಡ್ರಿ' ಅಂತ ಮೊದಲ ಉತ್ತರ ಬರತೈತಿ, ಗೊತ್ತೈತಿ. ನೋಡೀನ್ರೀ, ಎರಡರದೂ ಒಂದ ಪದ್ಧತಿ, ಕೋಡ್ ಇಪಿಎಸ್‌ಜಿ 32643. ಟ್ರಾನ್ಸ್‌ಫಾರ್ಮ್ (ಪಿಕ್ಸೆಲ್ ನೆಲದ ಮ್ಯಾಲೆ ಎಲ್ಲಿ ಬೀಳತೈತಿ ಅನ್ನೂ ಲೆಕ್ಕ) ಸೈತ ಉಪಗ್ರಹ ಚಿತ್ರದಿಂದನ ತಗೊಂಡೀನಿ. ದೊಡ್ಡ ಕೆರಿ ಎಲ್ಲಾ ಸರಿಯಾದ ಜಾಗಾದಾಗ ಕುಂತಾವ.

ತೊಂದ್ರಿ ಇರೂದು ಸಣ್ಣ ಹೊಂಡದ್ದು. 10×10 ಮೀಟರ್ ಹೊಂಡ, ಅದರಾಗೂ ಒಡ್ಡು ಬಿಟ್ಟು ನೀರಿನ ಅಂಚಿಗಷ್ಟ ಗೆರಿ ಹಾಕಿದ್ದಿದ್ರ, ಎಷ್ಟೋ ಸಲ ಪಿಕ್ಸೆಲ್‌ನ ನಡುಬಿಂದು ಪಾಲಿಗಾನ್ (ಹೊಂಡದ ಗಡಿ) ಒಳಗ ಬೀಳೂದ ಇಲ್ಲ. ಹೊಂಡ ಹಾರಿ ಹೋಗತೈತಿ. 'ಆಲ್ ಟಚ್ಡ್' (ಗಡಿ ತಾಗಿದ ಪಿಕ್ಸೆಲ್ ಎಲ್ಲಾ ಸೇರಿಸೂ ಆಯ್ಕೆ) ಟ್ರೂ ಮಾಡಿದ್ರ ಉಲ್ಟಾ: ನಾಕು ಪಿಕ್ಸೆಲ್‌ಗೆ ತಾಗಿ 100 ಚದರ ಮೀಟರ್ ಹೋಗಿ 400 ಆಗತೈತಿ! ಮ್ಯಾಲೆ ಬಾಜೂಕಿನ ಹೊಂಡದ ಐಡಿ ಇದರ ಐಡಿನ ಅಳಸತೈತಿ, ಯಾಕಂದ್ರ ಕಡೀಕ ಬರದದ್ದ ಉಳಿಯೂದು. ನೀರಿನ ಲೆಕ್ಕಕ್ಕ ಎರಡೂ ಉಪಯೋಗಿಲ್ಲ.

1 ಮೀಟರ್ ಗ್ರಿಡ್‌ನ್ಯಾಗ ರಾಸ್ಟರೈಸ್ ಮಾಡಿ, ಆಮ್ಯಾಲೆ 10×10 ಸರಾಸರಿ ತಗದು, ಪ್ರತಿ ಪಿಕ್ಸೆಲ್‌ನ್ಯಾಗ ಹೊಂಡದ ಪಾಲು ಎಷ್ಟು ಅಂತ ಇಟ್ಟುಕೊಳ್ಳೂ ವಿಚಾರ ಐತಿ. ಆದ್ರ ಇಡೀ ಟೈಲ್ (ಉಪಗ್ರಹ ಚಿತ್ರದ ಒಂದು ತುಂಡು) 10980×10980 ಪಿಕ್ಸೆಲ್. 1 ಮೀಟರ್‌ಗೆ ಇಳಿಸಿದ್ರ ಯುಇಂಟ್8ನ್ಯಾಗೂ (ಪಿಕ್ಸೆಲ್‌ಗೆ ಒಂದ ಬೈಟ್) ಸುಮಾರು 12 ಜಿಬಿ. ನನ್ನ ಲ್ಯಾಪ್‌ಟಾಪ್ 8 ಜಿಬಿ ರ್‍ಯಾಮಿಂದು, ಪಾಪ.

ವಿಂಡೋ ವಿಂಡೋ ಮಾಡಿ (ಟೈಲನ್ನ ತುಂಡು ತುಂಡು ಮಾಡಿ) ಓಡಿಸಿದ್ರ ಅಂಚಿನ್ಯಾಗಿನ ಹೊಂಡದ ಪಾಲು ಸರಿ ಬರತೈತೇನ್ರೀ? ಇಲ್ಲಾ, ಆಕಾರದ ಲೆಕ್ಕ ಮಾಡೂ ಶೇಪ್ಲಿ ಲೈಬ್ರರಿಯಿಂದ ಪಿಕ್ಸೆಲ್‌ಗೊಂದು ಇಂಟರ್‌ಸೆಕ್ಷನ್ (ಹೊಂಡ, ಪಿಕ್ಸೆಲ್ ಎರಡೂ ಕೂಡೂ ಭಾಗ) ತಗಿಯೂದ ಚಲೋನೋ? ಯಾರರ ಮಾಡಿದ್ದಿದ್ರ ಕೋಡ್ ತುಣುಕು ಹಾಕ್ರಿ. ಕ್ಯೂಜಿಐಎಸ್ ನಕ್ಷೆ ಸಾಫ್ಟ್‌ವೇರ್‌ನ್ಯಾಗ ಕೈಲೆ ಮಾಡೂ ಹಾದಿ ಬ್ಯಾಡ, ಹಂಗಾಮಿಗೊಮ್ಮೆ ಓಡಿಸೂ ಸ್ಕ್ರಿಪ್ಟ್ ಇದು.