ಜಾರುಬಂಡೆಯ ಬುಡದಲ್ಲಿ ಗಾಜು: ಇನ್ನು ಸುಮ್ಮನಿರಲು ಸಾಧ್ಯವಿಲ್ಲ

ಮನೆ 34 (ಶುಕ್ರವಾರ, ರಾತ್ರಿ 1.50)
ಆಸ್ಪತ್ರೆಯಿಂದ ಈಗಷ್ಟೇ ಬಂದು, ಮಗಳನ್ನು ಮಲಗಿಸಿ ಇದನ್ನು ಬರೆಯುತ್ತಿದ್ದೇನೆ. ಸಂಜೆ ನಮ್ಮ ಬಡಾವಣೆಯ ಉದ್ಯಾನದಲ್ಲಿ ಜಾರುಬಂಡೆಯಿಂದ ಇಳಿದ ಮೂರು ವರ್ಷದ ಮಗು ಬರಿಗಾಲನ್ನು ಮರಳಿನಲ್ಲಿ ಊರಿದೊಡನೆ ಹಸಿರು ಬಾಟಲಿಯ ಚೂರೊಂದು ಹಿಮ್ಮಡಿಗೆ ಇಳಿಯಿತು. ನಾಲ್ಕು ಹೊಲಿಗೆಗಳು ಬಿದ್ದಿವೆ. ಹೊಲಿಗೆ ಹಾಕುವಾಗ ಅವಳನ್ನು ಒತ್ತಿ ಹಿಡಿದಿದ್ದವಳು ನಾನು. ಆ ಕಿರುಚಾಟ ಕಿವಿಯಿಂದ ಹೋಗುತ್ತಿಲ್ಲ. ಇದೇ ಮರಳಿನಲ್ಲಿ ಸಿಗರೇಟಿನ ತುಂಡುಗಳಿವೆ ಎಂದು ಯುಗಾದಿಯ ಹಿಂದಿನ ವಾರ ಈ ಗುಂಪಿನಲ್ಲಿ ಬರೆದಿದ್ದೆ. ಅದಕ್ಕೆ ಬಂದ ಉತ್ತರ ಹದಿಮೂರು ಹೆಬ್ಬೆರಳುಗಳು. ಈ ಭಾನುವಾರ ಮರಳನ್ನು ಜರಡಿ ಹಿಡಿಯಬೇಕು, ಕಲ್ಲುಬೆಂಚಿನ ಮೇಲಿನ ದೀಪ ಉರಿಯಬೇಕು, ರಾತ್ರಿ ಗೇಟಿಗೆ ಬೀಗ ಬೀಳಬೇಕು. ಇದಕ್ಕಿಂತ ಹೆಚ್ಚಿನದೇನನ್ನೂ ನಾನು ಕೇಳುತ್ತಿಲ್ಲ.

ಮನೆ 8 (ಬೆಳಿಗ್ಗೆ 5.40)
ಶುಭೋದಯ. ಮಗುವಿನ ನಗುವಿನಲ್ಲಿ ದೇವರನ್ನು ಕಾಣಿರಿ. ದಯವಿಟ್ಟು ಹತ್ತು ಮಂದಿಗೆ ಕಳುಹಿಸಿ.

ಮನೆ 8 (ಬೆಳಿಗ್ಗೆ 5.52)
ಮೇಲಿನ ಸಂದೇಶವನ್ನು ಓದದೆ ಕಳುಹಿಸಿಬಿಟ್ಟೆ, ಕ್ಷಮಿಸಬೇಕು. ಮಗು ಈಗ ಹೇಗಿದೆ?

ಮನೆ 21 (ಬೆಳಿಗ್ಗೆ 6.15)
ಘಟನೆ ವಿಷಾದಕರ. ಆದರೆ ಇದರ ಮೂಲ ಎಲ್ಲಿದೆ ಎಂಬುದನ್ನು ಹೊಸದಾಗಿ ಬಂದಿರುವವರು ತಿಳಿದುಕೊಳ್ಳಬೇಕು. ಈ ಜಾಗದಲ್ಲಿ ಸಮುದಾಯ ಭವನ ಕಟ್ಟಲು ಹೊರಟಿದ್ದಾಗ ಕಡತ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವನು ನಾನು. 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯನ್ನು ಅಂದು ಮೇಜಿನ ಮೇಲಿಟ್ಟು ಮಾತನಾಡಿದ್ದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಡಲು ಹೊರಟಾಗ, ಅದು ಸಲ್ಲದೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ತೀರ್ಪಿನ ಪ್ರತಿ ಇಂದಿಗೂ ನನ್ನ ಬಳಿ ಇದೆ. ಹೀಗೆ ಉಳಿಸಿಕೊಂಡ ಉದ್ಯಾನಕ್ಕೆ ರಾತ್ರಿ ಎಂಟಕ್ಕೆ ಬೀಗ ಹಾಕುವ ಪದ್ಧತಿಯಿತ್ತು. ಅದನ್ನು ತೆಗೆಸಿದವರು ಯಾರು ಎಂಬುದು ಎರಡನೇ ಅಡ್ಡರಸ್ತೆಯವರಿಗೆ ಚೆನ್ನಾಗಿ ಗೊತ್ತು.

ಮನೆ 17 (ಬೆಳಿಗ್ಗೆ 7.02)
ಹೆಸರು ಹೇಳದೆ ಬೊಟ್ಟು ಮಾಡುವ ಅಗತ್ಯವಿಲ್ಲ. ಬೀಗ ತೆಗೆಸಿದವರು ನಾವೇ. ಕೆಲಸ ಮುಗಿಸಿ ಎಂಟೂವರೆಗೆ ಮನೆ ಸೇರುವವರು ನಡೆಯಬೇಕಾದರೆ ಆಮೇಲೆಯೇ ನಡೆಯಬೇಕು, ಮತ್ತು ರಸ್ತೆಯಲ್ಲಿ ನಡೆಯಲು ಪಾದಚಾರಿ ಮಾರ್ಗವೇ ಇಲ್ಲ. ನಡೆಯುವವರು ಬಾಟಲಿ ಒಡೆಯುವುದಿಲ್ಲ. ಸಂಜೆ ಆರರಿಂದ ಒಂಬತ್ತರವರೆಗೆ ಬೆಂಚುಗಳ ಮೇಲೆ ಬೈಕಿನ ಹೆಲ್ಮೆಟ್ ಇಟ್ಟುಕೊಂಡು ಕೂರುವ ಹುಡುಗರು ಯಾರ ಮನೆಯವರು ಎಂದು ವಿಚಾರಿಸಿದರೆ ಸಾಕು.

ಮನೆ 40 (ಬೆಳಿಗ್ಗೆ 7.10)
ಅದರಲ್ಲಿ ಒಬ್ಬ ನನ್ನ ಮಗ. ಅವನು ಅಲ್ಲಿ ಏಕೆ ಕೂರುತ್ತಾನೆ ಎಂದು ಕೇಳಿದ್ದೀರಾ? ಚೆಂಡಾಟ ನಿಷೇಧಿಸಲಾಗಿದೆ ಎಂಬ ಫಲಕ ಹಾಕಿಸಿ ಹುಡುಗರ ಆಟ ನಿಲ್ಲಿಸಿದ್ದು ಈ ಗುಂಪೇ. ಉಯ್ಯಾಲೆಯ ಪಕ್ಕದಲ್ಲಿ ಹನ್ನೆರಡು ವರ್ಷದೊಳಗಿನವರಿಗೆ ಮಾತ್ರ ಎಂಬ ಇನ್ನೊಂದು ಫಲಕವೂ ಇದೆ. ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ, ಪ್ರಾಣಾಯಾಮ ಮುಗಿಸಿದವರು ಅದರ ಮೇಲೆ ಕುಳಿತು ಷೇರು ಮಾರುಕಟ್ಟೆಯ ಲೆಕ್ಕ ಹಾಕುತ್ತಿರುತ್ತಾರೆ. ಎಡಗಡೆಯ ಸರಪಳಿಯ ಕೊಂಡಿ ಬಾಯಿ ಬಿಟ್ಟಿರುವುದು ಎರಡು ವರ್ಷದ ಮಕ್ಕಳ ಭಾರಕ್ಕಲ್ಲ.

ಮನೆ 12 (ಬೆಳಿಗ್ಗೆ 7.14)
ಮರಳಿಗಿಂತ ಮೊದಲು ಈ ಗುಂಪನ್ನೇ ಜರಡಿ ಹಿಡಿಯಬೇಕೆಂದು ತೋರುತ್ತದೆ.

ಮನೆ 29 (ಬೆಳಿಗ್ಗೆ 9.30)
ಮಕ್ಕಳ ವಾರ್ಡಿನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವಳಾಗಿ ನಾಲ್ಕು ಮಾತು ಹೇಳುತ್ತೇನೆ. ಯಾರ ಪರವೂ ಅಲ್ಲ. ಹೊಲಿಗೆ ಹಾಕಿದ ಕಾಲನ್ನು ವೈದ್ಯರು ಹೇಳುವವರೆಗೆ ನೆನೆಸಬೇಡಿ, ಗಾಯದ ಸುತ್ತ ಕೆಂಪು ಹರಡಿದರೆ ಅಥವಾ ಜ್ವರ ಬಂದರೆ ಕಾಯಬೇಡಿ.

ಇನ್ನು ಮರಳಿನ ವಿಷಯ. ಮರಳು ಇರುವುದು ಮಕ್ಕಳು ಗುಡ್ಡೆ ಕಟ್ಟಲಿ ಎಂದಷ್ಟೇ ಅಲ್ಲ, ಬಿದ್ದಾಗ ತಲೆ ಉಳಿಯಲಿ ಎಂದು. ನಾಲ್ಕಡಿ ಎತ್ತರದಿಂದ ಬೀಳುವ ಮಗುವಿಗೆ ಸಡಿಲವಾದ ಮರಳು ಸುಮಾರು ಒಂಬತ್ತು ಅಂಗುಲ ಆಳವಿರಬೇಕು. ನಿನ್ನೆಯೇ ಹೋಗಿ ಅಡಿಕೋಲು ಇಳಿಸಿದೆ: ಮೂಲೆಗಳಲ್ಲಿ ಹತ್ತು ಅಂಗುಲವಿದೆ, ಉಯ್ಯಾಲೆಯ ಕೆಳಗೆ ಎರಡೇ ಅಂಗುಲ. ಮಕ್ಕಳು ಕಾಲಿನಿಂದ ತಳ್ಳಿ ತಳ್ಳಿ ಮರಳು ಅಂಚಿಗೆ ಸರಿದು, ಬೀಳುವ ಜಾಗದಲ್ಲಿಯೇ ಕಾಂಕ್ರೀಟು ಹತ್ತಿರವಾಗಿದೆ. ಇದಕ್ಕೆ ಹಣ ಬೇಡ, ವಾರಕ್ಕೊಮ್ಮೆ ಒಂದು ಗುದ್ದಲಿ ಸಾಕು.

ಜಾರುಬಂಡೆ ತಗಡಿನದು. ಈ ಬಿಸಿಲಿನಲ್ಲಿ ಮಧ್ಯಾಹ್ನ ಅಂಗೈಯ ಹಿಂಭಾಗವನ್ನು ಅದರ ಮೇಲೆ ಐದು ಎಣಿಸುವವರೆಗೆ ಇಡಲಾಗದಿದ್ದರೆ ಮಗುವನ್ನು ಕೂರಿಸಬೇಡಿ. ಇನ್ನೊಂದು ಮಾತು ಅಜ್ಜ ಅಜ್ಜಿಯರಿಗೆ ಬೇಸರ ತರಬಹುದು. ಪುಟ್ಟ ಮಗು ಹೆದರುತ್ತದೆಂದು ತೊಡೆಯ ಮೇಲೆ ಕೂರಿಸಿಕೊಂಡು ಜಾರುವವರನ್ನು ದಿನವೂ ನೋಡುತ್ತೇನೆ. ಮಗು ಒಂಟಿಯಾಗಿ ಜಾರುವಾಗ ಪಾದ ಬದಿಗೆ ತಗುಲಿದರೆ ಅದು ನಿಂತುಬಿಡುತ್ತದೆ. ದೊಡ್ಡವರ ತೊಡೆಯ ಮೇಲಿದ್ದಾಗ ಪಾದ ಸಿಕ್ಕಿಕೊಂಡರೂ ದೊಡ್ಡವರ ಭಾರ ಕೆಳಗೆ ಎಳೆಯುತ್ತದೆ, ಮೊಣಕಾಲಿನ ಕೆಳಗಿನ ಎಲುಬು ತಿರುಚಿ ಮುರಿಯುತ್ತದೆ. ಅಂತಹ ಕಾಲುಗಳಿಗೆ ಪಟ್ಟಿ ಸುತ್ತುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಮತ್ತು ಪ್ರತಿ ಬಾರಿಯೂ ತಾತನೋ ತಂದೆಯೋ ಹೊರಗೆ ನಿಂತು ಅಳುತ್ತಿರುತ್ತಾರೆ. ಪಕ್ಕದಲ್ಲಿ ನಿಂತು ಕೈ ಹಿಡಿಯಿರಿ, ತೊಡೆ ಬೇಡ.

ಮನೆ 34 (ಬೆಳಿಗ್ಗೆ 9.41)
ತುಂಬಾ ಉಪಕಾರವಾಯಿತು. ನನ್ನ ಮಾವನವರಿಗೆ ಓದಿ ಹೇಳಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಯಾರು ಬರುತ್ತೀರಿ? ಮೂರನೇ ಅಡ್ಡರಸ್ತೆಯಲ್ಲಿ ಕಟ್ಟುತ್ತಿರುವ ಮನೆಯಿಂದ ಎರಡು ಜರಡಿಗಳನ್ನು ಕೇಳಿಟ್ಟಿದ್ದೇನೆ.

ಮನೆ 21 (ಬೆಳಿಗ್ಗೆ 10.05)
ಜರಡಿ ತಾತ್ಕಾಲಿಕ. ಮರಳು ಎಂಬುದೇ ಹಳೆಯ ಕಾಲದ್ದು. ಈಗ ಎಲ್ಲ ಬಡಾವಣೆಗಳಲ್ಲೂ ರಬ್ಬರಿನ ಹಾಸು ಹಾಕುತ್ತಿದ್ದಾರೆ. ಸಂಘದ ಖಾತೆಯಲ್ಲಿರುವ ಹಣವನ್ನು ಇದಕ್ಕೆ ಬಳಸಬಹುದು, ಆದರೆ ನಿರ್ವಹಣಾ ಶುಲ್ಕ ಬಾಕಿ ಉಳಿಸಿಕೊಂಡವರ ಪಟ್ಟಿಯನ್ನು ಮೊದಲು ಇಲ್ಲಿ ಪ್ರಕಟಿಸಬೇಕು. ಉದ್ಯಾನದ ಬಗ್ಗೆ ಅತಿ ಜೋರಾಗಿ ಮಾತನಾಡುವ ಕೆಲವರ ಹೆಸರು ಅದರಲ್ಲಿದೆ.

ಮನೆ 17 (ಬೆಳಿಗ್ಗೆ 10.07)
ಹಿಂದಿನ ವರ್ಷದ ಲೆಕ್ಕಪತ್ರವನ್ನೂ ಅದರ ಜೊತೆಗೇ ಪ್ರಕಟಿಸಿ. ಬಯಲು ವ್ಯಾಯಾಮ ಸಲಕರಣೆಗಳಿಗೆಂದು ಸಂಗ್ರಹಿಸಿದ ಹಣದಲ್ಲಿ ಬಂದ ನಾಲ್ಕು ಯಂತ್ರಗಳಲ್ಲಿ ಮೂರು ಕಿರುಗುಟ್ಟುತ್ತಿವೆ, ಒಂದು ಅದನ್ನೂ ಮಾಡುತ್ತಿಲ್ಲ.

(ಇಲ್ಲಿಂದ ಮಧ್ಯಾಹ್ನದವರೆಗೆ ನಲವತ್ತಕ್ಕೂ ಹೆಚ್ಚು ಸಂದೇಶಗಳು ಬಾಕಿಯ ಬಗೆಗೇ ಇವೆ. ಅವುಗಳ ನಡುವೆ ಮನೆ 8ರಿಂದ ಕಲ್ಲಂಗಡಿ ಹಣ್ಣಿನ ಹನ್ನೊಂದು ಪ್ರಯೋಜನಗಳು ಬಂದಿವೆ.)

ಮನೆ 29 (ಮಧ್ಯಾಹ್ನ 1.20)
ರಬ್ಬರಿನ ಹಾಸೂ ಬಿಸಿಲಿಗೆ ಕಾಯುತ್ತದೆ, ಬರಿಗಾಲು ಸುಡುತ್ತದೆ; ನೆರಳಿದ್ದರೆ ಮಾತ್ರ ಅದು ಒಳ್ಳೆಯದು. ಭಾನುವಾರ ನಾನು ಬರುತ್ತೇನೆ.

ಮನೆ 3 (ಮಧ್ಯಾಹ್ನ 1.45)
ಗಾಜಿನ ಮಾತಾಯಿತು, ನಾಯಿಗಳ ಮಾತನ್ನು ಯಾರೂ ಆಡುತ್ತಿಲ್ಲ. ಮಧ್ಯಾಹ್ನದ ಹೊತ್ತು ತಣ್ಣನೆಯ ಮರಳಿನಲ್ಲಿ ಮೂರು ನಾಯಿಗಳು ಮಲಗುತ್ತವೆ, ಅಲ್ಲಿಯೇ ಹೊಲಸು ಮಾಡುತ್ತವೆ. ಏಕೆಂದರೆ ಅಲ್ಲಿಯೇ ಅವಕ್ಕೆ ಅನ್ನ ಹಾಕಲಾಗುತ್ತಿದೆ.

ಮನೆ 26 (ಮಧ್ಯಾಹ್ನ 1.50)
ಅನ್ನ ಹಾಕುವವಳು ನಾನು. ಆ ಮೂರಕ್ಕೂ ಸಂತಾನಹರಣ ಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿದ್ದೂ ನಾನೇ, ನನ್ನ ಹಣದಲ್ಲಿ. ಮಕ್ಕಳು ಓಡಾಡುವ ಕಡೆ ಆಹಾರ ಇಡಬಾರದೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ, ಒಪ್ಪುತ್ತೇನೆ. ಆ ಸ್ಥಳವನ್ನು ಗುರುತಿಸಿಕೊಡಬೇಕಾದದ್ದು ನಿವಾಸಿಗಳ ಸಂಘ ಎಂದೂ ಅವೇ ನಿಯಮಗಳು ಹೇಳುತ್ತವೆ. ಎರಡು ಬಾರಿ ಪತ್ರ ಕೊಟ್ಟಿದ್ದೇನೆ. ಸ್ಥಳ ತೋರಿಸಿ, ನಾಳೆಯೇ ತಟ್ಟೆ ಎತ್ತುತ್ತೇನೆ.

ಮನೆ 21 (ಮಧ್ಯಾಹ್ನ 2.10)
ಆ ಪತ್ರಗಳು ಸಮಿತಿಯ ಪರಿಶೀಲನೆಯಲ್ಲಿವೆ.

ಮನೆ 34 (ರಾತ್ರಿ 8.30)
ನಾಡಿದ್ದು ಬರುವವರು: ನಾನು, ಮನೆ 29, ಮನೆ 26. ಮನೆ 40ರವರು ಮಗನನ್ನು ಕಳುಹಿಸುವುದಾಗಿ ಹೇಳಿದ್ದಾರೆ, ಆದರೆ ಅವನನ್ನು ಯಾರೂ ವಿಚಾರಣೆ ಮಾಡಬಾರದೆಂಬ ಷರತ್ತಿನ ಮೇಲೆ. ನೂರಾ ಹನ್ನೆರಡು ಮಂದಿಯಿರುವ ಗುಂಪಿನಲ್ಲಿ ಇನ್ನೂ ಇಬ್ಬರು ಸಿಕ್ಕರೆ ಒಂದೂವರೆ ಗಂಟೆಯ ಕೆಲಸ.

ಮನೆ 12 (ರಾತ್ರಿ 8.41)
ನಾನು ಬರುತ್ತಿದ್ದೆ, ಮೈದುನನ ಮಗಳ ನಾಮಕರಣವಿದೆ. ತಮಾಷೆಯಲ್ಲ, ನಿಜವಾಗಿಯೂ ಇದೆ.

ಮನೆ 34 (ಭಾನುವಾರ, ಬೆಳಿಗ್ಗೆ 7.25)
ರಾತ್ರಿಯ ಮಳೆಗೆ ಮರಳು ತೊಯ್ದು ಮುದ್ದೆಯಾಗಿದೆ. ಹಸಿ ಮರಳು ಜರಡಿಯಲ್ಲಿ ಇಳಿಯುವುದಿಲ್ಲ ಎಂದು ಈಗ ತಿಳಿಯಿತು. ಕೈಯಿಂದ ಆರಿಸಿದಷ್ಟರಲ್ಲಿ ಹದಿನೇಳು ಗಾಜಿನ ಚೂರು, ಒಂದು ಕ್ಷೌರದ ಬ್ಲೇಡು ಮತ್ತು ಮೂರು ಸಣ್ಣ ಚಪ್ಪಲಿಗಳು ಸಿಕ್ಕಿವೆ. ಮಿಕ್ಕದ್ದು ಒಣಗಿದ ಮೇಲೆ. ಗುಲ್‌ಮೊಹರ್‌ನ ದೊಡ್ಡ ಕೊಂಬೆ ಮುರಿದು ಉಯ್ಯಾಲೆಯ ಮೇಲೆ ಅಡ್ಡ ಬಿದ್ದಿದೆ, ಮಕ್ಕಳನ್ನು ಕಳುಹಿಸಬೇಡಿ.

ಮನೆ 17 (ಬೆಳಿಗ್ಗೆ 7.31)
ರಾತ್ರಿ ಹನ್ನೊಂದರಿಂದ ವಿದ್ಯುತ್ತಿಲ್ಲ. ಆ ಕೊಂಬೆಯೇ ತಂತಿಯ ಮೇಲೆ ಬಿದ್ದಿರಬೇಕು. ಬೇರೆ ಯಾರ ಮನೆಯಲ್ಲಾದರೂ ಇದೆಯೇ?

ಮನೆ 3 (ಬೆಳಿಗ್ಗೆ 7.32)
ನಮ್ಮಲ್ಲಿಯೂ ಇಲ್ಲ. ಇನ್ವರ್ಟರ್ ಕೂಡ ಕೈಕೊಟ್ಟಿದೆ.

ಮನೆ 21 (ಬೆಳಿಗ್ಗೆ 7.40)
ಆ ಮರ ಟ್ರಾನ್ಸ್‌ಫಾರ್ಮರ್ ಕಡೆಗೆ ವಾಲಿದೆಯೆಂದು ನಾನು ಮೂರು ವರ್ಷಗಳಿಂದ ಹೇಳುತ್ತಿದ್ದೇನೆ. ಅದನ್ನು ಪೂರ್ತಿಯಾಗಿ ತೆಗೆಸಬೇಕು. 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ಅನುಮತಿ ಬೇಕು. ಅರ್ಜಿಯನ್ನು ನಾನೇ ಬರೆಯುತ್ತೇನೆ, ಎಲ್ಲರೂ ಸಹಿ ಹಾಕಬೇಕು.

ಮನೆ 26 (ಬೆಳಿಗ್ಗೆ 7.44)
ಮರಳಿಗೆ ನೆರಳಿರುವುದು ಆ ಒಂದೇ ಮರದಿಂದ. ನಾನು ಸಹಿ ಹಾಕುವುದಿಲ್ಲ.

(ಸಂಜೆಯವರೆಗೆ ಮರದ ಪರವಾಗಿ ಇಪ್ಪತ್ತೆರಡು, ವಿರುದ್ಧವಾಗಿ ಮೂವತ್ತೊಂದು ಸಂದೇಶಗಳು. ವಿದ್ಯುತ್ ಮಧ್ಯಾಹ್ನ ಮೂರಕ್ಕೆ ಬಂದಿದೆ.)

ಮನೆ 21 (ಸಂಜೆ 6.00)
ಸಮಿತಿಯ ತೀರ್ಮಾನ: ಮರದ ವಿಷಯ ಇತ್ಯರ್ಥವಾಗುವವರೆಗೆ, ಸುರಕ್ಷತೆಯ ದೃಷ್ಟಿಯಿಂದ, ಉದ್ಯಾನದ ಮುಖ್ಯ ಗೇಟಿಗೆ ಹಗಲೂ ರಾತ್ರಿಯೂ ಬೀಗ ಹಾಕಲಾಗಿದೆ. ಕಳೆದ ಶುಕ್ರವಾರ ಬೀಗಕ್ಕಾಗಿ ಬಂದಿದ್ದ ಬೇಡಿಕೆಯೂ ಇದರಿಂದ ಈಡೇರಿದಂತಾಯಿತು.

ಮನೆ 34 (ಸಂಜೆ 6.20)
ನಾನು ಕೇಳಿದ್ದು ರಾತ್ರಿಯ ಬೀಗ. ಮರಳು ಒಣಗಿದ ಮೇಲೆ ಉಳಿದದ್ದನ್ನು ಆರಿಸಬೇಕಲ್ಲ, ಕೀಲಿ ಯಾರ ಬಳಿ ಇದೆ?

ಮನೆ 17 (ಸಂಜೆ 6.32)
ವಾಯುವಿಹಾರಕ್ಕೆ ಬರುವವರ ಗಮನಕ್ಕೆ: ಹಿಂದಿನ ಸಣ್ಣ ಗೇಟು ಎಂದಿನಂತೆ ತೆರೆದಿದೆ.

ಮನೆ 8 (ಸಂಜೆ 6.40)
ಮತ್ತೆ ವಿದ್ಯುತ್ ಹೋಯಿತು. ನಿಮ್ಮಲ್ಲಿ ಇದೆಯೇ?