1776ರಿಂದ 1789ರವರೆಗೆ ಅಮೆರಿಕವನ್ನು ಆಳಿದವರು ಯಾರು?

ಪ್ರಶ್ನೆ: ಪುಸ್ತಕಪ್ರೀತಿ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಾಠ ಓದಿಸುತ್ತಿದ್ದೆ. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆ ಎಂದಿದೆ. ಪುಟ ತಿರುಗಿಸಿದರೆ 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಮೊದಲ ಅಧ್ಯಕ್ಷರಾದರು ಎಂದಿದೆ. ಅವಳು ಬೆರಳು ಮಡಚಿ ಎಣಿಸಿ, "ಅಮ್ಮ, ನಡುವಿನ ಹದಿಮೂರು ವರ್ಷ ಯಾರ ಮಾತು ನಡೆಯುತ್ತಿತ್ತು?" ಎಂದು ಕೇಳಿದಳು. ನನಗೆ ಉತ್ತರ ತಿಳಿದಿರಲಿಲ್ಲ.

ಹುಡುಕಿದಾಗ ಒಂದು ಕಡೆ ಜಾನ್ ಹ್ಯಾನ್ಸನ್ ಎಂಬವರೇ ನಿಜವಾದ ಮೊದಲ ಅಧ್ಯಕ್ಷರು ಎಂದು ಓದಿದೆ. ಉಳಿದ ಕಡೆಗಳಲ್ಲೆಲ್ಲ "ಆಗಿನ ಕೇಂದ್ರ ಸರ್ಕಾರ ದುರ್ಬಲವಾಗಿತ್ತು" ಎಂಬ ಒಂದೇ ಸಾಲು. ದುರ್ಬಲ ಎಂದರೆ ಹೇಗೆ? ಬೆಳಗ್ಗೆ ಕಚೇರಿ ತೆರೆದರೆ ಅಲ್ಲಿ ಏನು ನಡೆಯುತ್ತಿತ್ತು? ಬಲ್ಲವರು ಬಿಡಿಸಿ ಹೇಳಿದರೆ ಅವಳಿಗೂ ನನಗೂ ಉಪಕಾರ.

ಉತ್ತರ: ನಿವೃತ್ತ ಮೇಷ್ಟ್ರು

ತಾಯಿ, ನಿಮ್ಮ ಮಗಳು ಎಣಿಸಿದ್ದು ಸರಿಯಾಗಿದೆ. ಆ ಹದಿಮೂರು ವರ್ಷಗಳನ್ನು ಒಂದು ಸಾಲಿನಲ್ಲಿ ದಾಟಿಬಿಡುವುದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು, ಪ್ರತಿದಿನ ಮೊದಲು ಹಾಜರಿ ಕರೆದು ಆಮೇಲೆ ಪಾಠ ಶುರುಮಾಡಿದವನು. ಬಹುಶಃ ಅದಕ್ಕೇ ಈ ಸರ್ಕಾರದ ಕಥೆಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಹಾಜರಿ ಪುಸ್ತಕದ ಕಡೆಗೆ. ಅದರ ಅರ್ಧ ಕಷ್ಟ ಅಲ್ಲಿಯೇ ಇದೆ.

ಮೊದಲು ಅಧಿಕಾರ ಯಾರದು ಎಂಬ ಪ್ರಶ್ನೆ. ಆಳುತ್ತಿದ್ದದ್ದು ಕಾಂಗ್ರೆಸ್ ಎಂಬ ಒಂದೇ ಸಭೆ. 1775ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಎರಡನೆಯ ಕಾಂಟಿನೆಂಟಲ್ ಕಾಂಗ್ರೆಸ್ಸೇ ಸೈನ್ಯ ಕಟ್ಟಿತು, ವಾಷಿಂಗ್ಟನ್ನರನ್ನು ಸೇನಾಪತಿ ಮಾಡಿತು, ಸ್ವಾತಂತ್ರ್ಯ ಘೋಷಿಸಿತು, ಫ್ರಾನ್ಸಿನ ಜೊತೆ ಒಪ್ಪಂದ ಮಾಡಿಕೊಂಡಿತು. ಇದನ್ನೆಲ್ಲ ಮಾಡುವಾಗ ಅದರ ಕೈಯಲ್ಲಿ ಅಧಿಕಾರಪತ್ರ ಎನ್ನುವಂಥದ್ದು ಯಾವುದೂ ಇರಲಿಲ್ಲ. ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ ಎಂಬ ಒಕ್ಕೂಟದ ಕರಾರಿಗೆ ಸಭೆಯ ಒಪ್ಪಿಗೆ ಸಿಕ್ಕಿದ್ದು 1777ರ ನವೆಂಬರ್ 15ರಂದು, ಪೆನ್ಸಿಲ್ವೇನಿಯಾದ ಯಾರ್ಕ್ ಊರಿನಲ್ಲಿ; ಆಗ ಫಿಲಡೆಲ್ಫಿಯಾ ಬ್ರಿಟಿಷರ ವಶದಲ್ಲಿತ್ತು. ಹದಿಮೂರು ರಾಜ್ಯಗಳೂ ಒಪ್ಪಿದ ಮೇಲೆಯೇ ಅದು ಜಾರಿಗೆ ಬರಬೇಕಿತ್ತು. ವರ್ಜೀನಿಯಾದಂಥ ರಾಜ್ಯಗಳು ಪಶ್ಚಿಮದ ವಿಶಾಲ ಭೂಮಿಯ ಮೇಲಿನ ಹಕ್ಕನ್ನು ಬಿಟ್ಟುಕೊಡಲಿ ಎಂದು ಮೇರಿಲ್ಯಾಂಡ್ ಹಟ ಹಿಡಿದು ಕುಳಿತಿತು. ಹಾಗಾಗಿ ಕರಾರು ಜಾರಿಗೆ ಬಂದದ್ದು 1781ರ ಮಾರ್ಚ್ 1ರಂದು. ಅಷ್ಟರಲ್ಲಿ ಯುದ್ಧದ ಬಹುಭಾಗ ಮುಗಿದೇ ಹೋಗಿತ್ತು.

ಹ್ಯಾನ್ಸನ್ ವಿಷಯ. ಅವರು 1781ರ ನವೆಂಬರಿನಲ್ಲಿ ಆಯ್ಕೆಯಾದದ್ದು ನಿಜ. ಆದರೆ ಆ ಹುದ್ದೆ ಸಭಾಧ್ಯಕ್ಷನದು. ಸಭೆ ನಡೆಸುವುದು, ಪತ್ರಗಳಿಗೆ ಸಹಿ ಹಾಕುವುದು, ಅತಿಥಿಗಳನ್ನು ಬರಮಾಡಿಕೊಳ್ಳುವುದು. ಸೈನ್ಯಕ್ಕೆ ಆಜ್ಞೆ ಮಾಡುವ, ಮಸೂದೆ ತಡೆಯುವ ಅಧಿಕಾರ ಅದಕ್ಕಿರಲಿಲ್ಲ. ಮೂರು ವರ್ಷದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಯಾರೂ ಅಲ್ಲಿ ಕೂರುವಂತಿರಲಿಲ್ಲ. ಮೊದಲಿಗರು ಎಂಬುದೂ ನಿಲ್ಲುವುದಿಲ್ಲ: ಕರಾರು ಜಾರಿಯಾದ ದಿನ ಪೀಠದಲ್ಲಿದ್ದವರು ಸ್ಯಾಮುಯೆಲ್ ಹಂಟಿಂಗ್ಟನ್, ಅವರ ನಂತರ ಥಾಮಸ್ ಮೆಕೀನ್, ಆಮೇಲೆ ಹ್ಯಾನ್ಸನ್.

ಈಗ ಹಾಜರಿ. ದೊಡ್ಡ ರಾಜ್ಯವಿರಲಿ ಚಿಕ್ಕದಿರಲಿ, ಒಂದಕ್ಕೆ ಒಂದೇ ಮತ. ಪ್ರತಿ ರಾಜ್ಯ ಇಬ್ಬರಿಂದ ಏಳು ಮಂದಿ ಪ್ರತಿನಿಧಿಗಳನ್ನು ಕಳಿಸಬಹುದು, ಖರ್ಚು ಆ ರಾಜ್ಯದ್ದೇ. ಕನಿಷ್ಠ ಇಬ್ಬರು ಹಾಜರಿದ್ದರೆ ಮಾತ್ರ ಆ ರಾಜ್ಯದ ಮತ ಲೆಕ್ಕಕ್ಕೆ. ಯುದ್ಧ, ಒಪ್ಪಂದ, ಸಾಲ, ನಾಣ್ಯ ಇಂಥ ಯಾವ ದೊಡ್ಡ ಕೆಲಸಕ್ಕೂ ಒಂಬತ್ತು ರಾಜ್ಯಗಳ ಮತ ಬೇಕು. ಕಾಗದದ ಮೇಲೆ ಇದು ವಿವೇಕದ ನಿಯಮದಂತೆ ಕಾಣುತ್ತದೆ. ಚಳಿಗಾಲದಲ್ಲಿ, ಕೆಸರು ಹಾದಿಯಲ್ಲಿ, ಮನೆಯ ವ್ಯವಹಾರ ಬಿಟ್ಟು ವಾರಗಟ್ಟಲೆ ಪ್ರಯಾಣ ಮಾಡಬೇಕಾದ ಜನರಿಗೆ ಅದು ಏನಾಯಿತು ಎಂಬುದಕ್ಕೆ ಒಂದೇ ಘಟನೆ ಸಾಕು.

1783ರ ಸೆಪ್ಟೆಂಬರ್ 3ರಂದು ಪ್ಯಾರಿಸ್ಸಿನಲ್ಲಿ ಬ್ರಿಟನ್ನಿನ ಜೊತೆ ಶಾಂತಿ ಒಪ್ಪಂದಕ್ಕೆ ಸಹಿಯಾಯಿತು. ಎಂಟು ವರ್ಷ ಹೋರಾಡಿದ್ದು ಇದಕ್ಕಾಗಿಯೇ. ಸಹಿಯಾದ ದಿನದಿಂದ ಆರು ತಿಂಗಳೊಳಗೆ ಎರಡೂ ಕಡೆಯ ಅಂಗೀಕಾರ ಪತ್ರಗಳು ಕೈಬದಲಾಗಬೇಕು, ಅಂದರೆ ಮಾರ್ಚ್ 3ರೊಳಗೆ ಅಮೆರಿಕದ ಪ್ರತಿ ಸಮುದ್ರ ದಾಟಿ ಪ್ಯಾರಿಸ್ ಮುಟ್ಟಬೇಕು. ಕಾಂಗ್ರೆಸ್ ಆಗ ಮೇರಿಲ್ಯಾಂಡಿನ ಅನಾಪೊಲಿಸ್‌ನಲ್ಲಿತ್ತು. ಡಿಸೆಂಬರ್ 23ರಂದು ವಾಷಿಂಗ್ಟನ್ ಅಲ್ಲಿಗೇ ಬಂದು ಸೇನಾಪತಿ ಪದವಿಯನ್ನು ಸಭೆಯ ಕೈಗೆ ಒಪ್ಪಿಸಿದರು. ಖಂಡದ ಅರ್ಧ ಭಾಗವನ್ನು ಗೆದ್ದುಕೊಟ್ಟ ಮನುಷ್ಯ ತಲೆಬಾಗಿ ನಿಂತ ಆ ಸಭೆಯಲ್ಲಿ ಹಾಜರಿದ್ದದ್ದು ಏಳೇ ರಾಜ್ಯಗಳು!

ಏಳು ಮತಗಳಲ್ಲೇ ಒಪ್ಪಂದವನ್ನು ಅಂಗೀಕರಿಸಿಬಿಡೋಣ ಎಂದು ಕೆಲವರು ವಾದಿಸಿದರು. ಪ್ರತಿನಿಧಿಯಾಗಿ ಅಲ್ಲಿದ್ದ ಥಾಮಸ್ ಜೆಫರ್ಸನ್ ಒಪ್ಪಲಿಲ್ಲ. ನಮ್ಮದೇ ಕರಾರನ್ನು ಮುರಿದು ಮಾಡಿದ ಅಂಗೀಕಾರಕ್ಕೆ ಬೆಲೆ ಎಲ್ಲಿಂದ ಬರಬೇಕು ಎಂಬುದು ಅವರ ನಿಲುವು. ದಿನಗಳು ಉರುಳಿದವು. ಸೌತ್ ಕ್ಯಾರೊಲಿನಾದಿಂದ ಜೇಕಬ್ ರೀಡ್ ಒಬ್ಬರೇ ಹಾಜರಿದ್ದರು. ಜೊತೆಗಾರ ರಿಚರ್ಡ್ ಬೆರೆಸ್‌ಫರ್ಡ್ ಕಾಯಿಲೆ ಬಿದ್ದು ಫಿಲಡೆಲ್ಫಿಯಾದಲ್ಲಿದ್ದರು. ಕೊನೆಗೆ ಜನವರಿ ನಡುವಿಗೆ ಕನೆಕ್ಟಿಕಟ್‌ನ ಪ್ರತಿನಿಧಿಗಳು ಬಂದು ಎಂಟಾಯಿತು, ಬೆರೆಸ್‌ಫರ್ಡ್ ಹಾಸಿಗೆಯಿಂದ ಎದ್ದು ಬಂದರು, ಒಂಬತ್ತಾಯಿತು. 1784ರ ಜನವರಿ 14ರಂದು ಒಪ್ಪಂದ ಸರ್ವಾನುಮತದಿಂದ ಅಂಗೀಕಾರವಾಯಿತು. ಪ್ರತಿಗಳನ್ನು ಕರ್ನಲ್ ಹಾರ್ಮರ್ ಮತ್ತು ಕರ್ನಲ್ ಫ್ರಾಂಕ್ಸ್ ಬೇರೆಬೇರೆ ಹೊತ್ತು ಹೊರಟರು. ಆದರೂ ಗಡುವು ತಪ್ಪಿತು. ಬ್ರಿಟನ್ ತಕರಾರು ಮಾಡಲಿಲ್ಲ. ಪತ್ರಗಳು ಮೇ 12ರಂದು ಕೈಬದಲಾದವು.

ದುರ್ಬಲ ಎಂಬ ಪದವನ್ನು ಓದಿದಾಗಲೆಲ್ಲ ನನಗೆ ಬೆರೆಸ್‌ಫರ್ಡ್ ನೆನಪಾಗುತ್ತಾರೆ. ಒಂದು ದೇಶದ ಶಾಂತಿ ಒಬ್ಬ ರೋಗಿಯ ಪ್ರಯಾಣಕ್ಕಾಗಿ ಕಾಯಬೇಕಾಯಿತು. ಮಗಳಿಗೆ ಇದನ್ನು ಹೇಳಿ, ಅವಳಿಗೆ ಅರ್ಥವಾಗುತ್ತದೆ.

ಉತ್ತರ: ಲೆಕ್ಕಿಗ

ಮೇಷ್ಟ್ರೇ, ಹಾಜರಿ ಸರಿ. ಆದರೆ ಸೈನಿಕರಿಗೆ ಸಂಬಳ ಎಲ್ಲಿಂದ ಬರುತ್ತಿತ್ತು? ತೆರಿಗೆ ಹಾಕುವ ಅಧಿಕಾರವೇ ಇಲ್ಲದ ಸರ್ಕಾರ ಎಂಟು ವರ್ಷ ಯುದ್ಧ ಮಾಡಿದ್ದು ಹೇಗೆ ಎಂಬುದು ನನಗೆ ಬಗೆಹರಿದಿಲ್ಲ. ವೃತ್ತಿಯಿಂದ ಲೆಕ್ಕಪತ್ರ ನೋಡುವವನು, ಆದ್ದರಿಂದ ಕೇಳುತ್ತಿದ್ದೇನೆ.

ಉತ್ತರ: ನಿವೃತ್ತ ಮೇಷ್ಟ್ರು

ಮೊದಲ ಐದು ವರ್ಷ ನೋಟು ಅಚ್ಚುಹಾಕಿದರು. 1775ರಿಂದ 1779ರ ಕೊನೆಯವರೆಗೆ ಸುಮಾರು 24 ಕೋಟಿ ಡಾಲರ್ ಮುಖಬೆಲೆಯ ಕಾಗದ ಹೊರಬಿತ್ತು. 1780ರ ಮಾರ್ಚಿನಲ್ಲಿ ಕಾಂಗ್ರೆಸ್ಸೇ 40 ಕಾಗದದ ಡಾಲರಿಗೆ ಒಂದು ಬೆಳ್ಳಿಯ ಡಾಲರ್ ಎಂದು ಒಪ್ಪಿಕೊಂಡಿತು. ಉಳಿದದ್ದು ಫ್ರಾನ್ಸಿನ ಸಾಲ, ಆಮೇಲೆ ಡಚ್ಚರ ಸಾಲ.

ಕರಾರಿನ ಪ್ರಕಾರ ಸಾಮಾನ್ಯ ಖಜಾನೆಗೆ ಹಣ ತುಂಬಬೇಕಾದವರು ರಾಜ್ಯಗಳು, ತಮ್ಮ ತಮ್ಮ ಭೂಮಿ ಮತ್ತು ಕಟ್ಟಡಗಳ ಬೆಲೆಗೆ ತಕ್ಕಂತೆ. ಕಾಂಗ್ರೆಸ್ ಪಾಲು ಗೊತ್ತುಮಾಡಿ ಪತ್ರ ಬರೆಯುತ್ತಿತ್ತು. ವಸೂಲಿಗೆ ಅಧಿಕಾರಿ ಇಲ್ಲ, ಕೊಡದಿದ್ದರೆ ಶಿಕ್ಷೆ ಇಲ್ಲ. ಹೆಸರಿಗೆ ಅದು ಬಾಧ್ಯತೆ, ನಡೆಯಲ್ಲಿ ಊರೊಟ್ಟಿನ ವಂತಿಗೆ. 1782ರ ಸಾಲಿಗೆ 80 ಲಕ್ಷ ಡಾಲರ್ ಕೇಳಿದರು. ಆ ವರ್ಷ ಕೈಸೇರಿದ್ದು ಹತ್ತರಲ್ಲಿ ಒಂದು ಪಾಲೂ ಅಲ್ಲ. ಹಣಕಾಸು ಮೇಲ್ವಿಚಾರಕರಾಗಿದ್ದ ರಾಬರ್ಟ್ ಮಾರಿಸ್ ಸೈನಿಕರಿಗೆ ತಮ್ಮ ಸ್ವಂತ ಸಹಿಯ ಚೀಟಿಗಳನ್ನು ಕೊಟ್ಟು ಕಳಿಸುವ ಹಂತಕ್ಕೆ ಬಂದರು. ಅವರ ಹೆಸರಿಗೆ ಮಾರುಕಟ್ಟೆಯಲ್ಲಿದ್ದ ನಂಬಿಕೆ ದೇಶದ ಹೆಸರಿಗೆ ಇರಲಿಲ್ಲ.

ಆಮದಿನ ಮೇಲೆ ಶೇಕಡಾ 5 ಸುಂಕ ಹಾಕಲು ಅನುಮತಿ ಕೊಡಿ ಎಂದು 1781ರಲ್ಲಿ ಕಾಂಗ್ರೆಸ್ ಕೇಳಿಕೊಂಡಿತು. ತಿದ್ದುಪಡಿಗೆ ಹದಿಮೂರೂ ರಾಜ್ಯಗಳ ಒಪ್ಪಿಗೆ ಬೇಕು. ರೋಡ್ ಐಲೆಂಡ್ ಒಂದೇ ಬೇಡವೆಂದಿತು, ಸುಂಕ ಸತ್ತಿತು. 1783ರಲ್ಲಿ ಮತ್ತೆ ಕೇಳಿದಾಗ ಕಡೆಗೆ ಅಡ್ಡ ನಿಂತದ್ದು ನ್ಯೂಯಾರ್ಕ್. ತನ್ನ ಬಂದರಿನ ಆದಾಯವನ್ನು ಅದು ಬಿಡಲೊಲ್ಲದು. ಅದೇ ಬಂದರಿನ ಮೂಲಕ ಸರಕು ತರಿಸಿಕೊಂಡು ನ್ಯೂಯಾರ್ಕಿನ ಸುಂಕ ತೆರುತ್ತಿದ್ದ ನ್ಯೂಜೆರ್ಸಿಗೆ ತಾಳ್ಮೆ ಕೆಟ್ಟು, ನ್ಯೂಯಾರ್ಕ್ ಒಪ್ಪುವವರೆಗೆ ನಾವೂ ಕೊಡುವುದಿಲ್ಲ ಎಂದು 1786ರಲ್ಲಿ ನಿರ್ಣಯ ಮಾಡಿತು. ಕಾಂಗ್ರೆಸ್ ಏನು ಮಾಡಿತು ಗೊತ್ತೇ? ಚಾರ್ಲ್ಸ್ ಪಿಂಕ್ನಿ ಮತ್ತು ಇನ್ನಿಬ್ಬರನ್ನು ನ್ಯೂಜೆರ್ಸಿಯ ಶಾಸನಸಭೆಗೆ ಕಳಿಸಿ ಸಮಾಧಾನ ಹೇಳಿಸಿತು. ನಿರ್ಣಯ ವಾಪಸಾಯಿತು, ಹಣ ಬರಲಿಲ್ಲ.

ಸಂಬಳದ ಬಗ್ಗೆ ಕೇಳಿದಿರಿ. 1783ರ ಜೂನ್ 21ರಂದು ಬಾಕಿ ಸಂಬಳಕ್ಕಾಗಿ ಸುಮಾರು 400 ಸೈನಿಕರು ಫಿಲಡೆಲ್ಫಿಯಾದ ಸ್ಟೇಟ್ ಹೌಸನ್ನು ಸುತ್ತುವರಿದರು. ಒಳಗೆ ಕಾಂಗ್ರೆಸ್ ಪ್ರತಿನಿಧಿಗಳು. ಮಿಲಿಷಿಯಾ (ರಾಜ್ಯದ ನಾಗರಿಕ ಪಡೆ) ಕರೆಸಿ ಎಂದು ಅವರು ಪೆನ್ಸಿಲ್ವೇನಿಯಾ ಸರ್ಕಾರವನ್ನು ಬೇಡಿದರು. ಆ ಸರ್ಕಾರದ ಮುಖ್ಯಸ್ಥ ಜಾನ್ ಡಿಕಿನ್ಸನ್ ಒಪ್ಪಲಿಲ್ಲ. ಇದೇ ಡಿಕಿನ್ಸನ್ 1776ರಲ್ಲಿ ಒಕ್ಕೂಟದ ಕರಾರಿನ ಮೊದಲ ಕರಡು ಬರೆದವರು, ಅದರಲ್ಲಿ ಕೇಂದ್ರಕ್ಕೆ ಹೆಚ್ಚು ಬಲ ಕೊಟ್ಟಿದ್ದವರು! ಆ ಬಲವನ್ನೆಲ್ಲ ಇತರರು ತೆಗೆದುಹಾಕಿದ್ದರು. ಈಗ ರಾಜ್ಯದ ಕುರ್ಚಿಯಲ್ಲಿ ಕುಳಿತು ಅವರೇ ಇಲ್ಲ ಎನ್ನಬೇಕಾಯಿತು. ಕಾಂಗ್ರೆಸ್ ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಯಿತು, ಅಲ್ಲಿಂದ ಅನಾಪೊಲಿಸ್, ಟ್ರೆಂಟನ್, 1785ರಲ್ಲಿ ನ್ಯೂಯಾರ್ಕ್. ಈ ಅಲೆದಾಟವೂ ಹಾಜರಿ ಕುಗ್ಗಲು ಒಂದು ಕಾರಣ.

ಉತ್ತರ: ಕಾನೂನು ವಿದ್ಯಾರ್ಥಿನಿ

ಸರ್, ನಿಮ್ಮ ಮಾತಿಗೆ ಒಂದು ತಕರಾರಿದೆ. ಈ ಸರ್ಕಾರದಿಂದ ಏನೂ ಆಗಲಿಲ್ಲ ಎಂಬ ಭಾವನೆ ಓದುವವರಿಗೆ ಬರಬಹುದು. ಕನೆಕ್ಟಿಕಟ್ ಮತ್ತು ಪೆನ್ಸಿಲ್ವೇನಿಯಾ, ಇಂದು ಪೆನ್ಸಿಲ್ವೇನಿಯಾದಲ್ಲಿರುವ ವಯೋಮಿಂಗ್ ಕಣಿವೆಗಾಗಿ ರಕ್ತ ಹರಿಸಿದ್ದವು. ಕರಾರಿನ ಒಂಬತ್ತನೆಯ ವಿಧಿಯಂತೆ ಟ್ರೆಂಟನ್‌ನಲ್ಲಿ ನ್ಯಾಯಮಂಡಳಿ ಕುಳಿತು 1782ರ ಡಿಸೆಂಬರ್ 30ರಂದು ಪೆನ್ಸಿಲ್ವೇನಿಯಾದ ಪರ ತೀರ್ಪು ಕೊಟ್ಟಿತು. ಕನೆಕ್ಟಿಕಟ್ ತಲೆಬಾಗಿತು. ಎರಡು ಸಾರ್ವಭೌಮ ರಾಜ್ಯಗಳ ಗಡಿ ಜಗಳ ಹೀಗೆ ವಾದ ಪ್ರತಿವಾದದಲ್ಲಿ ಮುಗಿದದ್ದು ಸಣ್ಣ ಸಂಗತಿಯೇ?

1785ರ ಭೂ ಕಾನೂನು ಪಶ್ಚಿಮದ ನೆಲವನ್ನು ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ, ಒಂದೊಂದನ್ನು 640 ಎಕರೆಯ 36 ಭಾಗಗಳಾಗಿ ಅಳೆಸಿತು. ಹದಿನಾರನೆಯ ಭಾಗ ಶಾಲೆಗೆ ಮೀಸಲು. 1787ರ ಜುಲೈ 13ರ ವಾಯವ್ಯ ಕಾಯ್ದೆ ಓಹಾಯೊ ನದಿಯ ಉತ್ತರಕ್ಕೆ ಗುಲಾಮಗಿರಿಯನ್ನು ನಿಷೇಧಿಸಿತು. 60 ಸಾವಿರ ಸ್ವತಂತ್ರ ನಿವಾಸಿಗಳಾದರೆ ಹೊಸ ಪ್ರದೇಶ ಹಳೆಯ ಹದಿಮೂರಕ್ಕೆ ಸರಿಸಮಾನವಾದ ರಾಜ್ಯವಾಗಬಹುದು ಎಂದಿತು. ಗೆದ್ದ ನೆಲವನ್ನು ವಸಾಹತಾಗಿ ಇಟ್ಟುಕೊಳ್ಳದಿರುವ ಈ ನಿರ್ಧಾರ ಅದೇ "ದುರ್ಬಲ" ಸಭೆಯದು. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸಬಹುದು ಎಂಬ ಮಾತೂ ಅದೇ ಕಾಯ್ದೆಯಲ್ಲಿದೆ, ಮತ್ತು ಆ ನೆಲದಲ್ಲಿ ಬಾಳುತ್ತಿದ್ದ ಶಾನೀ, ಮಯಾಮಿ ಮುಂತಾದ ಮೂಲನಿವಾಸಿಗಳಿಗೆ ಆ ಸಭೆಯಲ್ಲಿ ದನಿಯಿರಲಿಲ್ಲ. ಇವೆರಡನ್ನೂ ಮುಚ್ಚಿಡಬಾರದು.

ಪುಸ್ತಕಪ್ರೀತಿ

ಎಲ್ಲರಿಗೂ ಧನ್ಯವಾದ. ಬೆರೆಸ್‌ಫರ್ಡ್ ಕಥೆ ಕೇಳಿ ಮಗಳು ಇನ್ನೊಂದು ಪ್ರಶ್ನೆ ಹಾಕಿದ್ದಾಳೆ: ಕರಾರು ಬದಲಿಸಲು ಹದಿಮೂರೂ ರಾಜ್ಯಗಳು ಒಪ್ಪಬೇಕಿದ್ದರೆ, ಒಂದು ರಾಜ್ಯ ಯಾವಾಗಲೂ ಅಡ್ಡ ನಿಲ್ಲುತ್ತಿದ್ದರೆ, ಹೊಸ ಸಂವಿಧಾನ ಬಂದದ್ದು ಹೇಗೆ?

ಉತ್ತರ: ನಿವೃತ್ತ ಮೇಷ್ಟ್ರು

ಕಾನೂನು ಓದುತ್ತಿರುವ ತಂಗಿಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ವಾಯವ್ಯ ಕಾಯ್ದೆಗೆ ಮತ ಹಾಕಿದ ದಿನವೂ ಸಭೆಯಲ್ಲಿದ್ದದ್ದು ಎಂಟೇ ರಾಜ್ಯಗಳು ಎಂಬುದನ್ನು ಮಾತ್ರ ಸೇರಿಸುತ್ತೇನೆ.

ಮಗಳ ಪ್ರಶ್ನೆ ಬಹಳ ಹರಿತವಾದದ್ದು. ಉತ್ತರ ನೇರವಾಗಿದೆ: ಹಳೆಯ ನಿಯಮವನ್ನು ಅವರು ಪಾಲಿಸಲಿಲ್ಲ. 1786ರ ಸೆಪ್ಟೆಂಬರಿನಲ್ಲಿ ವ್ಯಾಪಾರದ ತೊಡಕು ಬಿಡಿಸಲು ಅನಾಪೊಲಿಸ್‌ನಲ್ಲಿ ಕರೆದ ಸಭೆಗೆ ಐದು ರಾಜ್ಯಗಳಿಂದ ಹನ್ನೆರಡು ಮಂದಿ ಮಾತ್ರ ಬಂದರು. ಮತ್ತೆ ಅದೇ ಹಾಜರಿ. ಅದೇ ಚಳಿಗಾಲದಲ್ಲಿ ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರು ಡೇನಿಯಲ್ ಶೇಸ್ ಮುಂತಾದವರ ಹಿಂದೆ ಬಂಡೆದ್ದರು. ಅವರನ್ನು ಅಡಗಿಸಲು ಹೊರಟ ಪಡೆಗೆ ಬಾಸ್ಟನ್ನಿನ ವರ್ತಕರು ಚಂದಾ ಎತ್ತಿ ಹಣ ಕೊಡಬೇಕಾಯಿತು. 1787ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದವರಿಗೆ ಸಿಕ್ಕಿದ್ದ ಕೆಲಸ ಕರಾರಿನ ಪರಿಷ್ಕರಣೆ. ಅವರು ಹೊಸದನ್ನೇ ಬರೆದು, ಒಂಬತ್ತು ರಾಜ್ಯಗಳು ಒಪ್ಪಿದರೆ ಒಪ್ಪಿದವರ ನಡುವೆ ಇದು ಜಾರಿ ಎಂದು ಅದರಲ್ಲೇ ಸೇರಿಸಿದರು. ರೋಡ್ ಐಲೆಂಡ್ ಅಲ್ಲಿಗೆ ಯಾರನ್ನೂ ಕಳಿಸಿರಲಿಲ್ಲ. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಗಿ ಒಪ್ಪಿತು.

ಹಳೆಯ ಕಾಂಗ್ರೆಸ್ಸನ್ನು ಯಾರೂ ವಿಸರ್ಜಿಸಲಿಲ್ಲ. 1788ರ ಅಕ್ಟೋಬರ್ 10ರ ನಂತರ ಅದಕ್ಕೆ ಕೋರಂ ಸೇರಲೇ ಇಲ್ಲ. ಅಲ್ಲಿ ಚಾರ್ಲ್ಸ್ ಥಾಮ್ಸನ್ ಎಂಬ ಕಾರ್ಯದರ್ಶಿ ಇದ್ದರು. 1774ರ ಮೊದಲ ಸಭೆಯಿಂದ ಅಷ್ಟೂ ವರ್ಷ ಕಡತ ಬರೆದವರು ಅವರೊಬ್ಬರೇ. ಅಧ್ಯಕ್ಷರು ಬದಲಾದರು, ಊರುಗಳು ಬದಲಾದವು, ಥಾಮ್ಸನ್ ಬದಲಾಗಲಿಲ್ಲ. ಆ ಕೊನೆಯ ಚಳಿಗಾಲದಲ್ಲೂ ನ್ಯೂಯಾರ್ಕಿನಲ್ಲಿ ಯಾರಾದರೂ ಪ್ರತಿನಿಧಿ ಬಂದರೆ ಅವರ ಹೆಸರನ್ನು ದಾಖಲಿಸುತ್ತಿದ್ದರು. 1789ರ ಏಪ್ರಿಲ್ 14ರಂದು ಮೌಂಟ್ ವರ್ನನ್‌ಗೆ ಹೋಗಿ, ನೀವು ಅಧ್ಯಕ್ಷರಾಗಿ ಆಯ್ಕೆಯಾಗಿದ್ದೀರಿ ಎಂದು ವಾಷಿಂಗ್ಟನ್ನರಿಗೆ ತಿಳಿಸಿದವರೂ ಅವರೇ. ಜುಲೈನಲ್ಲಿ ಕಡತಗಳನ್ನೂ ಮಹಾಮುದ್ರೆಯನ್ನೂ ಹೊಸ ಸರ್ಕಾರಕ್ಕೆ ಒಪ್ಪಿಸಿ ಥಾಮ್ಸನ್ ಮನೆಗೆ ಹೋದರು.